ಉಪಗ್ರಹ ಚಿತ್ರಗಳಲ್ಲಿ ಕೊಡಗು ಇಂದಿಗೂ ಹಸಿರಾಗಿದೆ. ಹಾಗಾದರೆ ಕಾವೇರಿಯ ಮೂಲದ ಕಾಡು ಸುರಕ್ಷಿತವೇ?

ಕಾವೇರಿ ಜಲಾನಯನ ಪ್ರದೇಶದ ಹಳೆಯ ಮತ್ತು ಹೊಸ ಚಿತ್ರಗಳಲ್ಲಿ ಕೊಡಗಿನ ಹಸಿರು ಹೆಚ್ಚೇನೂ ಕುಗ್ಗಿದಂತೆ ಕಾಣುವುದಿಲ್ಲ, ಇದನ್ನು ಕಾಡು ಉಳಿದಿದೆ ಎಂದು ತಿಳಿಯಬಹುದೇ ಎಂದು ಕೇಳಿದ್ದೀರಿ. ವಿರಾಜಪೇಟೆ ಕಡೆಯ ತೋಟಗಳ ನಡುವೆ ಬೆಳೆದ ನಾನು ಹಾಗೆ ತಿಳಿಯಲಾರೆ. ಹಸಿರು ಉಳಿದಿದೆ, ಅದರೊಳಗಿನ ಮರಗಳು ಬದಲಾಗಿವೆ.

1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು; 1850ರ ದಶಕದಿಂದ ಕಾಫಿ ತೋಟಗಳು ಹರಡತೊಡಗಿದವು. ಗದ್ದೆಯ ಜೊತೆಗೆ ಸೊಪ್ಪು, ಸೌದೆ, ಮೇವಿಗೆಂದು ಬಿಟ್ಟಿದ್ದ ಬಾಣೆಗಳು ಕಾಲಕ್ರಮದಲ್ಲಿ ತೋಟಗಳಾದವು. 1990ರ ದಶಕದಲ್ಲಿ ಕಾಫಿ ಮಾರಾಟ ಮುಕ್ತವಾಗಿ ಬೆಲೆಯೂ ಏರಿದಾಗ ಈ ಬದಲಾವಣೆ ಇನ್ನಷ್ಟು ವೇಗ ಪಡೆಯಿತು. ನಂದಿ, ಬೀಟೆ, ಹಲಸು, ಅತ್ತಿ ನೆರಳು ಕೊಡುತ್ತಿದ್ದ ಎಷ್ಟೋ ಕಡೆ ಈಗ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ನಿಂತಿದೆ. ಅದು ಬೇಗ ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿದು ಮಾರುವುದೂ ಸುಲಭ. ಇದನ್ನು ಬೆಳೆಗಾರರ ದುರಾಸೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅನೇಕ ಬಾಣೆಗಳಲ್ಲಿ ಕಾಡುಮರದ ಹಕ್ಕು ಸರ್ಕಾರದ್ದು. ತಲೆಮಾರುಗಳ ಕಾಲ ಕಾಪಾಡಿದ ಬೀಟೆ ತನ್ನದಾಗದಿದ್ದಾಗ, ಹೊಸದಾಗಿ ಬೀಟೆ ಸಸಿ ನೆಡಲು ಯಾರಿಗೆ ಮನಸ್ಸು ಬಂದೀತು? ಮೇಲಿನಿಂದ ನೋಡುವ ಉಪಗ್ರಹಕ್ಕೆ ಬೀಟೆಯೂ ಸಿಲ್ವರ್ ಓಕೂ ಒಂದೇ, ಬರೀ ಮರದ ಹೊದಿಕೆ.

ನನ್ನನ್ನು ಹೆಚ್ಚು ಕಾಡುವುದು ಗದ್ದೆಗಳ ಸ್ಥಿತಿ. ನಾಟಿಯಾದ ಗದ್ದೆಯಲ್ಲಿ ಮಳೆಗಾಲವಿಡೀ ಬದುವಿನಿಂದ ಬದುವಿಗೆ ನೀರು ನಿಂತಿರುತ್ತದೆ. ಮೇಲಿನ ಮಡಿ ತುಂಬಿದ ಮೇಲೆ ಬದುವಿನ ಕಂಡಿಯಿಂದ ಕೆಳಗಿನ ಮಡಿಗೆ ಇಳಿಯುತ್ತದೆ, ಒಂದಷ್ಟು ನೆಲಕ್ಕೆ ಇಂಗುತ್ತದೆ, ಉಳಿದದ್ದು ನಿಧಾನವಾಗಿ ತೋಡು ಸೇರುತ್ತದೆ. ಆಳು ಸಿಗದೆ, ಖರ್ಚು ಗಿಟ್ಟದೆ ಪಾಳು ಬಿಟ್ಟ ಗದ್ದೆಯ ಬದು ಒಡೆದರೆ ನೀರು ತಂಗುವುದಿಲ್ಲ. ಅಡಿಕೆ ಹಾಕಲು ಬಸಿಗಾಲುವೆ ತೋಡಿದ ಕಡೆಯೂ ಅಷ್ಟೇ. ವಿಚಿತ್ರವೆಂದರೆ, ಗದ್ದೆ ಅಡಿಕೆ ತೋಟವಾದಾಗ ಚಿತ್ರದಲ್ಲಿ ಹಸಿರು ಹೆಚ್ಚಿದಂತೆಯೇ ಕಾಣುತ್ತದೆ. ಇತ್ತ ಫೆಬ್ರವರಿ, ಮಾರ್ಚಿನಲ್ಲಿ ಹೂ ಅರಳಿಸುವ ಹೂಮಳೆಗೆ ಕಾಯದೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುವುದರಿಂದ, ಹೊಳೆ ಬಡವಾಗಿರುವ ಹೊತ್ತಿನಲ್ಲೇ ಅದರ ಮೇಲಿನ ಹೊರೆ ಹೆಚ್ಚುತ್ತದೆ.

ನೀವೇ ಚಿತ್ರಗಳನ್ನು ಹೋಲಿಸುವುದಾದರೆ ಒಂದೇ ತಿಂಗಳಿನವನ್ನು ಆರಿಸಿಕೊಳ್ಳಿ. ನಾಗರಹೊಳೆಯ ಕಡೆಯ ಎಲೆ ಉದುರುವ ಕಾಡು ಡಿಸೆಂಬರಿನಲ್ಲಿ ಒಂದು ಬಣ್ಣ, ಮಾರ್ಚಿನಲ್ಲಿ ಇನ್ನೊಂದು. ತಿಂಗಳು ತಪ್ಪಿದರೆ ಇಲ್ಲದ ಕಾಡುನಾಶ ಕಂಡೀತು. ಮಳೆಗಾಲದ ಚಿತ್ರಗಳಲ್ಲಿ ಬಹುಪಾಲು ಮೋಡವೇ ಇರುತ್ತದೆ. ಗದ್ದೆ, ನೆರಳಿನ ತೋಟ ಮತ್ತು ಕಾಡನ್ನು ಬೇರೆಬೇರೆಯಾಗಿ ಗುರುತಿಸಿ, ಬಳಿಕ ಕೆಲವು ತೋಟಗಳಿಗೂ ಒಂದೆರಡು ದೇವರಕಾಡುಗಳಿಗೂ ಹೋಗಿ, ನಿಂತಿರುವ ಮರಗಳು ಯಾವ ಜಾತಿಯವು ಎಂದು ಎಣಿಸಿ ಬನ್ನಿ.