ಕ್ಯಾಮೆರಾ ಆಮೇಲೆ, ಮೊದಲು ತೊಗರಿ ಚೀಲ

ಪ್ರಶ್ನೆ: ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಅಲ್ಟ್ರಾಸಾನಿಕ್, ಐಆರ್ ಸೆನ್ಸರ್ ಹಾಕಿ ಒಂದು ಪುಟ್ಟ ರೋಬೋ ಮಾಡಿದ್ದೇನೆ. ಲ್ಯಾಬ್‌ನಲ್ಲಿ ಚೆನ್ನಾಗಿ ಓಡುತ್ತದೆ. ಮೇ ತಿಂಗಳ ಮಧ್ಯಾಹ್ನ ಮನೆ ಅಂಗಳಕ್ಕೆ ಬಿಟ್ಟರೆ ಏನೂ ಇಲ್ಲದ ಕಡೆ ನಿಲ್ಲುತ್ತದೆ, ತೊಗರಿ ಚೀಲಕ್ಕೆ ಹೋಗಿ ಗುದ್ದುತ್ತದೆ. ಮುಂದೆ ರೋಬೋ ಸೆನ್ಸರ್‌ಗಳ ಬಗ್ಗೆಯೇ ಓದುವ ಆಸೆ. ಕ್ಯಾಮೆರಾ, ಎಐ ಕೋರ್ಸ್‌ನಿಂದ ಶುರು ಮಾಡಲೇ?

ಉತ್ತರ: ಕ್ಯಾಮೆರಾ ಸ್ವಲ್ಪ ಕಾಯಲಿ. ನಿಮ್ಮ ಅಂಗಳದಲ್ಲೇ ಒಳ್ಳೆಯ ಪಾಠ ಬಿದ್ದಿದೆ, ಅದನ್ನು ಬಿಡಬೇಡಿ.

ಅಲ್ಟ್ರಾಸಾನಿಕ್ ಸೆನ್ಸರ್ ದೂರ ಅಳೆಯುವುದಿಲ್ಲ. ಕಿವಿಗೆ ಕೇಳದ ಶಬ್ದ ಬಿಟ್ಟು, ಅದು ಎದುರಿನ ವಸ್ತುವಿಗೆ ಬಡಿದು ವಾಪಸ್ ಬರಲು ಹಿಡಿದ ಸಮಯ ಅಳೆಯುತ್ತದೆ, ಅಷ್ಟೇ. ದೂರದ ಲೆಕ್ಕ ಹಾಕುವುದು ನಿಮ್ಮ ಕೋಡ್. ಅದರಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದು ಬರೆದಿರುತ್ತೀರಿ, ಅಲ್ವಾ? ಅದು 20 ಡಿಗ್ರಿ ಗಾಳಿಯ ಮಾತು. ನಮ್ಮ ಕಡೆಯ 42 ಡಿಗ್ರಿ ಬಿಸಿಲಲ್ಲಿ ವೇಗ ಸುಮಾರು 356 ಆಗುತ್ತದೆ. ಆಗ 1 ಮೀಟರ್ ದೂರದ ಗೋಡೆ 96 ಸೆಂಟಿಮೀಟರ್‌ನಲ್ಲೇ ಇದ್ದಂತೆ ತೋರುತ್ತದೆ.

ಗೋಣಿ ಚೀಲದ ಕಥೆ ಬೇರೆ. ಅದು ಮೆತ್ತಗಿದೆ, ಉಬ್ಬಿದೆ. ಶಬ್ದವನ್ನು ಒಂದಿಷ್ಟು ನುಂಗುತ್ತದೆ, ಉಳಿದದ್ದನ್ನು ಓರೆಯಾಗಿ ಎಲ್ಲೋ ಕಳಿಸುತ್ತದೆ. ಮರುದನಿ ಬರದಿದ್ದರೆ ರೋಬೋ ಪಾಲಿಗೆ ಅಲ್ಲಿ ಚೀಲವೇ ಇಲ್ಲ. ಇನ್ನು ಬರೀ ಜಾಗದಲ್ಲಿ ನಿಲ್ಲುವುದು ಬಹುಶಃ ಐಆರ್‌ನಿಂದ. ಆ ಸೆನ್ಸರ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ತಿರುಗಿ ಬಂತೇ ಎಂದು ನೋಡುತ್ತದೆ. ಬಿಸಿಲಲ್ಲೂ ಇನ್‌ಫ್ರಾರೆಡ್ ಜಾಸ್ತಿ ಇರುತ್ತದೆ. ಅದನ್ನೇ ಸೆನ್ಸರ್ ತನ್ನ ಬೆಳಕು ಎಂದುಕೊಳ್ಳುತ್ತದೆ.

ಒಂದು ಕೆಲಸ ಮಾಡಿ. ಟೇಪ್ ಹಿಡಿದು ಗೋಡೆಯಿಂದ ಸರಿಯಾಗಿ 1 ಮೀಟರ್‌ಗೆ ಸೆನ್ಸರ್ ಇಡಿ. 100 ಅಳತೆ ಬರೆದುಕೊಳ್ಳಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಆಮೇಲೆ ಗೋಡೆಯ ಜಾಗದಲ್ಲಿ ಚೀಲ ಇಟ್ಟು ಮತ್ತೆ ಅಳೆಯಿರಿ. ಅಳತೆಗಳು ಆಚೀಚೆ ಚದುರಿದ್ದರೆ ಸರಾಸರಿ ತೆಗೆದರೆ ಸರಿಹೋಗುತ್ತದೆ. ಎಲ್ಲವೂ ಒಟ್ಟಿಗೆ 4 ಸೆಂಟಿಮೀಟರ್ ಸರಿದಿದ್ದರೆ ಸಾವಿರ ಸಲ ಸರಾಸರಿ ತೆಗೆದರೂ ಹೋಗುವುದಿಲ್ಲ. ಅದಕ್ಕೆ ಒಂದು ಟೆಂಪರೇಚರ್ ಸೆನ್ಸರ್ ಹಾಕಿ ವೇಗವನ್ನೇ ತಿದ್ದಬೇಕು. ಈ ಎರಡು ತಪ್ಪುಗಳ ವ್ಯತ್ಯಾಸ ಕೈಗೆ ಹತ್ತಿದರೆ ಅರ್ಧ ವಿಷಯ ಹತ್ತಿದಂತೆ.

ಆಮೇಲೆ ಪ್ರಾಬಬಿಲಿಟಿ, ಮ್ಯಾಟ್ರಿಕ್ಸ್ ಗಟ್ಟಿ ಮಾಡಿಕೊಳ್ಳಿ. ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಪಾಠಗಳು ಪುಕ್ಕಟೆ ಸಿಗುತ್ತವೆ. ಇಂಜಿನಿಯರ್ ರುಡಾಲ್ಫ್ ಕಾಲ್ಮನ್ 1960ರಲ್ಲಿ ಕೊಟ್ಟ ಫಿಲ್ಟರ್ ಎಂಬ ಲೆಕ್ಕದ ವಿಧಾನ ಇವತ್ತಿಗೂ ರೋಬೋಗಳಲ್ಲಿ ಕೆಲಸ ಮಾಡುತ್ತಿದೆ. ಯಾವ ಸೆನ್ಸರ್ ಮಾತು ಎಷ್ಟು ನಂಬಬೇಕು ಎಂದು ಅದು ತೂಗಿ ನೋಡುತ್ತದೆ. ಆ ತೂಕಕ್ಕೆ ಬೇಕಾದ ಅಂಕಿ, ಅಂದರೆ ಸೆನ್ಸರ್ ಅಳತೆ ಎಷ್ಟು ಚದುರುತ್ತದೆ ಎಂಬುದು, ಸಿಗುವುದು ನೀವು ಬರೆದಿಟ್ಟ ಆ 100 ಅಳತೆಗಳಲ್ಲೇ.