ಹೋಮ್ ಸರ್ವರ್‌ಗೆ ರ‍್ಯಾಮ್ ಜಾಸ್ತಿ ಮಾಡಬೇಕು, ಯಾವ ಮದರ್‌ಬೋರ್ಡ್ ತೆಗೆದುಕೊಳ್ಳಲಿ?

ನಾಲ್ಕನೇ ಜನರೇಶನ್ ಐ5, ಎಚ್81 ಬೋರ್ಡ್, 8+8 ಜಿಬಿ ಡಿಡಿಆರ್3 ಇದೆ, 32 ಜಿಬಿ ಬೇಕು, ಬೋರ್ಡ್ ಒಂದನ್ನೇ ಬದಲಿಸಿದರೆ ಸಾಕಾ ಅಂತ ಕೇಳಿದ್ದೀರಿ. ಪ್ರೊಸೆಸರ್ ಬದಲಿಸಬೇಕಿಲ್ಲ, ಬೋರ್ಡ್ ಬದಲಿಸಿ ಇನ್ನೆರಡು 8 ಜಿಬಿ ಹಾಕಿದರೆ ಸಾಕು. ಆದರೆ ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ಮೊದಲು ಟರ್ಮಿನಲ್‌ನಲ್ಲಿ 'ಫ್ರೀ' ಕಮಾಂಡ್ ಕೊಟ್ಟು 'ಅವೈಲಬಲ್' ಅಂಕಣ ನೋಡಿ. ಲಿನಕ್ಸ್ ಖಾಲಿ ರ‍್ಯಾಮನ್ನು ಸುಮ್ನೆ ಬಿಡುವುದಿಲ್ಲ, ಫೈಲ್ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ. ಜೆಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಇದ್ದರಂತೂ ಇನ್ನೂ ಜಾಸ್ತಿ, ಅದರ ಕ್ಯಾಶ್ 'ಅವೈಲಬಲ್'ನಲ್ಲೂ ಸೇರುವುದಿಲ್ಲ. 'ಫ್ರೀ' ಅಂಕಣದಲ್ಲಿ ಕಮ್ಮಿ ಇರುವುದು ನೋಡಿ ಗಾಬರಿ ಬಿದ್ದು ಖರ್ಚು ಮಾಡಿದವರು ಬೇಕಾದಷ್ಟು ಜನ ಇದ್ದಾರೆ.

ನಿಜವಾಗಿಯೂ ಸಾಲದಿದ್ದರೆ ಮುಂದಿನದು. ಎಚ್81ಗೆ ಎರಡೇ ಸ್ಲಾಟ್, 16 ಜಿಬಿಯೇ ಕೊನೆ. ಅದೇ ಸಾಕೆಟ್‌ನ ಬಿ85 ಬೋರ್ಡ್‌ಗಳಲ್ಲಿ ತುಂಬಾ ಕಡೆ ನಾಲ್ಕು ಸ್ಲಾಟ್ ಇರುತ್ತದೆ. ನಿಮ್ಮ ಪ್ರೊಸೆಸರ್, ಹಳೇ ರ‍್ಯಾಮ್ ಎರಡೂ ಅಲ್ಲಿಗೆ ನಡೆಯುತ್ತವೆ. ಆದರೆ ಸಿಕ್ಕರೆ ಸೆಕೆಂಡ್ ಹ್ಯಾಂಡೇ, ಮತ್ತೆ 32 ಜಿಬಿ ದಾಟಲು ನಿಮ್ಮ ಪ್ರೊಸೆಸರ್ರೇ ಬಿಡುವುದಿಲ್ಲ. ಎರಡು ವರ್ಷಕ್ಕೆ ಮತ್ತೆ ಇದೇ ಪ್ರಶ್ನೆ ಕೇಳುತ್ತೀರಿ.

ದುಡ್ಡು ಹೊಂದಿಸಲು ಆಗುತ್ತದೆ ಅಂದರೆ ಎಎಂಡಿ ಪ್ರೊಸೆಸರ್‌ಗಳ ಎಎಂ4 ಸಾಕೆಟ್‌ನ ಬಿ450 ಅಥವಾ ಬಿ550 ಬೋರ್ಡ್ ನೋಡಿ. ನಿಮ್ಮ ಐ5, ಡಿಡಿಆರ್3 ಎರಡೂ ಇದಕ್ಕೆ ನಡೆಯುವುದಿಲ್ಲ, ಹೊಸದು ಬೇಕು. ಇದಕ್ಕೆ ಡಿಡಿಆರ್4, ನಾಲ್ಕು ಸ್ಲಾಟ್ ಇದ್ದರೆ 128 ಜಿಬಿವರೆಗೆ ಹೋಗಬಹುದು. ಹೆಸರು ನೋಡಿ ಕೊಳ್ಳಬೇಡಿ, ಫೋಟೋದಲ್ಲಿ ಸ್ಲಾಟ್ ಎಣಿಸಿ. ಅದೇ ಬಿ450 ಹೆಸರಲ್ಲಿ ಎರಡು ಸ್ಲಾಟ್‌ನವೂ ಇವೆ. ಈಗ ಎರಡು 16 ಹಾಕಿ, ಮಿಕ್ಕ ಎರಡು ಖಾಲಿ ಬಿಡಿ. ಪ್ರೊಸೆಸರ್ ಹೆಸರಿನ ಕೊನೆಗೆ 'ಜಿ' ಇರಲಿ, 5600ಜಿ ಥರ. ಇಲ್ಲದಿದ್ದರೆ ಪರದೆಗೆ ಅಂತ ಒಂದು ಗ್ರಾಫಿಕ್ಸ್ ಕಾರ್ಡ್ ಬೇಕಾಗುತ್ತದೆ. ಬಿ450 ಆದರೆ ಹಳೇ ಬಯಾಸ್ (ಬೋರ್ಡಿನೊಳಗಿನ ತಂತ್ರಾಂಶ) ಹೊಸ ಪ್ರೊಸೆಸರನ್ನು ಗುರುತಿಸದೇ ಇರಬಹುದು, ಅಂಗಡಿಯಲ್ಲೇ ಬಯಾಸ್ ಅಪ್‌ಡೇಟ್ ಮಾಡಿಸಿಕೊಳ್ಳಿ.

ರ‍್ಯಾಮ್ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡದ್ದು ಹೇಳುತ್ತೇನೆ. ಬೆಂಗಳೂರಿನ ಚಿಕ್ಕಪೇಟೆ ಮೆಟ್ರೋ ಇಳಿದು ಎಸ್‌ಪಿ ರೋಡ್‌ಗೆ ಹೋಗಿದ್ದೆ. ಒಂದು ಅಂಗಡಿಯಲ್ಲಿ 32 ಜಿಬಿಯ ಹಳೇ ಡಿಡಿಆರ್4 ಕಡ್ಡಿ, ನಂಬಲಾಗದಷ್ಟು ಅಗ್ಗ. "ಸರ್ವರ್ ಐಟಮ್ ಸಾರ್, ಗಟ್ಟಿ" ಅಂದರು. ಸರ್ವರ್‌ಗೇ ತಾನೆ ಅಂತ ಎರಡು ತಂದೆ. ಸ್ಲಾಟ್‌ಗೆ ಟಕ್ ಅಂತ ಕೂತವು. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಅವು ರಿಜಿಸ್ಟರ್ಡ್ ರ‍್ಯಾಮ್. ಮನೆ ಬಳಕೆಯ ಬೋರ್ಡ್‌ಗೆ ಆಗುವುದೇ ಇಲ್ಲ. ಲೇಬಲ್‌ನಲ್ಲಿ 'ಪಿಸಿ4-2400ಟಿ' ಆದಮೇಲೆ ಬರುವ ಅಕ್ಷರ ನೋಡಬೇಕಿತ್ತು: 'ಆರ್' ಇದ್ದರೆ ಕೆಳಗಿಡಿ, 'ಯು' ಇದ್ದರೆ ಕೊಳ್ಳಿ. ವಾಪಸ್ ಕೊಡಲು ಹೋದಾಗ ಅದೇ ಅಂಗಡಿಯವರು ಅರ್ಧ ರೇಟಿಗೆ ತೆಗೆದುಕೊಂಡರು, ಅದೂ ಉಪಕಾರ ಮಾಡಿದ ಮುಖ ಮಾಡಿಕೊಂಡು.

ಹಾರ್ಡ್ ಡಿಸ್ಕ್ ಎಷ್ಟಿವೆಯೋ ಅಷ್ಟು ಸಾಟಾ ಪೋರ್ಟ್ ಇದೆಯಾ ಎಣಿಸಿ. ಕೆಲವು ಬೋರ್ಡ್‌ಗಳಲ್ಲಿ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತವೆ. ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ. ಜೋಡಿಸಿದ ಮೇಲೆ ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಲಿ.

ಇನ್ನೊಂದು. ಬೋರ್ಡ್ ಬದಲಾದರೆ ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರೂ ಬದಲಾಗಬಹುದು. ನನ್ನದು 'ಇಎನ್‌ಪಿ3ಎಸ್0' ಇದ್ದದ್ದು 'ಇಎನ್‌ಪಿ4ಎಸ್0' ಆಗಿತ್ತು. ಸರ್ವರ್ ಓಡುತ್ತಿದೆ, ಆದರೆ ಲ್ಯಾಪ್‌ಟಾಪಿನಿಂದ ಎಷ್ಟು ಕರೆದರೂ ಉತ್ತರ ಇಲ್ಲ. ಮಾನಿಟರ್ ಮಾರಿ ಎಷ್ಟೋ ದಿನ ಆಗಿತ್ತು. ಕೊನೆಗೆ ಡಬ್ಬ ಎತ್ತಿಕೊಂಡು ಹಾಲ್‌ಗೆ ಬಂದೆ. ಅಮ್ಮನ ಧಾರಾವಾಹಿ ಮುಗಿಯುವ ತನಕ ಕಾದು, ಟಿವಿಗೆ ಎಚ್‌ಡಿಎಂಐ ಚುಚ್ಚಿ, ಕಾನ್ಫಿಗ್ ಫೈಲ್‌ನಲ್ಲಿ ಮೂರು ಇದ್ದ ಕಡೆ ನಾಲ್ಕು ಮಾಡಿದೆ.