ಹವಾಮಾನದ ಕಂಪ್ಯೂಟರ್ ಮಾದರಿಗಳು ಸಾಗರವನ್ನು ಸರಿಯಾಗಿ ಲೆಕ್ಕ ಹಾಕುತ್ತಿವೆಯೇ ಎಂದು ಪರೀಕ್ಷಿಸುವುದು ಹೇಗೆ?

ಕಳೆದ ದಶಕಗಳನ್ನು ಮಾದರಿಯಲ್ಲಿ ಓಡಿಸಿ, ಬಂದ ಫಲಿತಾಂಶವನ್ನು ನಿಜವಾದ ಅಳತೆಗಳ ಪಕ್ಕ ಇಟ್ಟು ನೋಡುತ್ತಾರೆ. ಆದರೆ ವರ್ಷಕ್ಕೆ ವರ್ಷ ತಾಳೆ ಹಾಕುವಂತಿಲ್ಲ. ಮಾದರಿಯ ಎಲ್ ನಿನೋ (ಕೆಲವು ವರ್ಷಗಳಿಗೊಮ್ಮೆ ಪೆಸಿಫಿಕ್ ಸಾಗರದ ಮೇಲ್ಮೈ ನೀರು ಬಿಸಿಯಾಗುವುದು) ತನ್ನದೇ ಕಾಲಕ್ಕೆ ಬರುತ್ತದೆ. ಅದು ನಿಜದಲ್ಲಿ ಬಂದಂತೆ 1997ರಲ್ಲೇ ಬರಬೇಕೆಂದು ಹಟ ಹಿಡಿದು ಪ್ರಯೋಜನವಿಲ್ಲ. ಹಾಗಾಗಿ ಹಲವು ವರ್ಷಗಳ ಸರಾಸರಿ, ಋತುಚಕ್ರ, ಏರಿಳಿತದ ಪ್ರಮಾಣ ಇಂಥವನ್ನು ಹೋಲಿಸುತ್ತಾರೆ.

ಭೌತಿಕ ಭಾಗಕ್ಕೆ ಅಳತೆಗಳು ತಕ್ಕಮಟ್ಟಿಗೆ ಇವೆ: 2000 ಮೀಟರ್ ಆಳದವರೆಗೆ ಉಷ್ಣತೆ, ಲವಣಾಂಶ ಅಳೆಯುವ ಸುಮಾರು 4000 ಆರ್ಗೋ ತೇಲುಯಂತ್ರಗಳು, ಉಪಗ್ರಹಗಳು, 2004ರಿಂದ ಅಟ್ಲಾಂಟಿಕ್‌ನ 26.5 ಡಿಗ್ರಿ ಉತ್ತರದಲ್ಲಿ ಪ್ರವಾಹ ಅಳೆಯುತ್ತಿರುವ ಉಪಕರಣಗಳ ಸಾಲು.

ಕಷ್ಟವಿರುವುದು ಜೈವಿಕ-ರಾಸಾಯನಿಕ ಭಾಗದಲ್ಲಿ. ಆಮ್ಲಜನಕ, ನೈಟ್ರೇಟ್, ಕರಗಿದ ಇಂಗಾಲದ ಅಳತೆಗಳು ವಿರಳ. ಉಪಗ್ರಹಕ್ಕೆ ಕಾಣುವುದು ನೀರಿನ ಬಣ್ಣ ಮಾತ್ರ, ಸೂಕ್ಷ್ಮ ಸಸ್ಯಗಳ ಹಸಿರು ವರ್ಣದ್ರವ್ಯವಾದ ಕ್ಲೋರೋಫಿಲ್ ಎಷ್ಟೆಂಬುದನ್ನು ಅದರಿಂದ ಅಂದಾಜಿಸಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ ಒಂದು ತಪ್ಪು ಇನ್ನೊಂದನ್ನು ಮುಚ್ಚಿಹಾಕುವುದು. ಆಳಕ್ಕೆ ಆಮ್ಲಜನಕ ಒಯ್ಯುವ ನೀರು ಮಾದರಿಯಲ್ಲಿ ತೀರಾ ನಿಧಾನ, ಜೊತೆಗೆ ಬ್ಯಾಕ್ಟೀರಿಯಾಗಳ ಬಳಕೆಯೂ ತೀರಾ ಕಡಿಮೆ ಎಂದಿಟ್ಟುಕೊಳ್ಳಿ. ಆಮ್ಲಜನಕದ ಅಂಕಿ ಮಾತ್ರ ಸರಿಯಾಗಿಯೇ ಕಾಣುತ್ತದೆ!

ಇದನ್ನು ಹಿಡಿಯಲು ನೆರವಾಗುವುದು ಸಿಎಫ್‌ಸಿ ಅನಿಲಗಳು, ಅಂದರೆ ಹಿಂದೆ ಫ್ರಿಜ್ ಮುಂತಾದವುಗಳಲ್ಲಿ ಬಳಸುತ್ತಿದ್ದ ಮಾನವನಿರ್ಮಿತ ಅನಿಲಗಳು. ಆಮ್ಲಜನಕವಿರುವ ನೀರಿನಲ್ಲಿ ಜೀವಿಗಳು ಅವನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ. ಗಾಳಿಯಲ್ಲಿ ಅವು ಯಾವ ವರ್ಷ ಎಷ್ಟಿದ್ದವು ಎಂಬುದೂ ಗೊತ್ತಿದೆ. ಆದ್ದರಿಂದ ಆಳದ ನೀರು ಮೇಲ್ಮೈ ಬಿಟ್ಟು ಎಷ್ಟು ಕಾಲವಾಯಿತೆಂದು ಅಂದಾಜಿಸಬಹುದು. ಸಿಎಫ್‌ಸಿ ತಾಳೆಯಾಗದೆ ಆಮ್ಲಜನಕವಷ್ಟೇ ತಾಳೆಯಾದರೆ, ಮುಂದಿನ ಶತಮಾನದ ಆಮ್ಲಜನಕದ ಬಗ್ಗೆ ಆ ಮಾದರಿ ಹೇಳುವುದನ್ನು ನಾನಂತೂ ನಂಬುವುದಿಲ್ಲ.